ಭಾಷಾ ತರಗತಿಗೆ ಹಾಡು ಹದಮಾಡಲು ಆಡಾಸಿಟಿ: ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

ಎಂ4ಎ ಕಡತವನ್ನು ಎಂಪಿ3 ಮಾಡಿಕೊಂಡರೆ ಸಾಕು ಎನ್ನುವವರಿಗೆ, ಸದ್ದನ್ನು ಕತ್ತರಿಸಿ ತಿದ್ದುವ ತಂತ್ರಾಂಶವಾದ ಆಡಾಸಿಟಿ ಬೇಕಿಲ್ಲ. ಅಷ್ಟನ್ನು ವಿಎಲ್‌ಸಿ ಪ್ಲೇಯರ್‌ನ ಕನ್ವರ್ಟ್ ಮೆನುವೇ ಮಾಡಿಕೊಡುತ್ತದೆ. ಆದರೆ ಹೊಸದಾಗಿ ಕನ್ನಡ ಕಲಿಯುವವರಿಗೆ ಒಂದು ಭಾವಗೀತೆಯನ್ನು ಸಾಲು ಸಾಲಾಗಿ, ನಿಧಾನವಾಗಿ, ಬೇಕಾದಲ್ಲಿ ನಿಲ್ಲಿಸಿ ಕೇಳಿಸಬೇಕೆಂದರೆ ಉಚಿತ ತಂತ್ರಾಂಶಗಳಲ್ಲಿ ಇದಕ್ಕೆ ಸಾಟಿ ಕಡಿಮೆ. 2000ದಿಂದಲೂ ಬಳಕೆಯಲ್ಲಿದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ, ಫೋನಿಗೆ ಮಾತ್ರ ಇಲ್ಲ. 2021ರಲ್ಲಿ ಮ್ಯೂಸ್ ಗ್ರೂಪ್ ಇದನ್ನು ಕೊಂಡ ಮೇಲೆ ಡೌನ್‌ಲೋಡ್ ಮಾಡುವಾಗ ಮ್ಯೂಸ್ ಹಬ್ ಎಂಬ ಇನ್ನೊಂದು ತಂತ್ರಾಂಶವನ್ನೂ ಮುಂದಿಡುತ್ತಾರೆ. ತರಗತಿಯ ಕೆಲಸಕ್ಕೆ ಅದು ಬೇಡ, ಬಿಟ್ಟುಬಿಡಿ.

ಮೊದಲ ತೊಡಕು ಕಡತ ತೆರೆಯುವಾಗಲೇ ಬರುತ್ತದೆ. ಎಂಪಿ3, ವೇವ್, ಫ್ಲ್ಯಾಕ್ ನೇರವಾಗಿ ತೆರೆದುಕೊಳ್ಳುತ್ತವೆ. ವಿಂಡೋಸ್‌ನಲ್ಲಿ ಎಂ4ಎ, ಡಬ್ಲ್ಯುಎಂಎ ತೆರೆಯಲು ಎಫ್‌ಎಫ್‌ಎಂಪೆಗ್ ಎಂಬ ಸಹಾಯಕ ತಂತ್ರಾಂಶವನ್ನು (ಲೈಬ್ರರಿ) ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಆಡಾಸಿಟಿಯನ್ನು ಮುಚ್ಚಿ ಮತ್ತೆ ತೆರೆಯಿರಿ. ಹಾಡಿನ ಆ್ಯಪ್‌ಗಳಲ್ಲಿ 'ಡೌನ್‌ಲೋಡ್' ಒತ್ತಿ ಇಳಿಸಿಕೊಂಡ ಹಾಡುಗಳಿಗೆ ಇದ್ಯಾವುದೂ ನಡೆಯುವುದಿಲ್ಲ. ಅವು ಬೀಗ ಹಾಕಿದ ಕಡತಗಳು, ಆಯಾ ಆ್ಯಪ್‌ನೊಳಗಷ್ಟೇ ನುಡಿಯುತ್ತವೆ. ಸಿಡಿಯಿಂದ ತೆಗೆದದ್ದು ಅಥವಾ ಬೀಗವಿಲ್ಲದೆ ಕೊಂಡದ್ದು ಬೇಕು. ಕಾನೂನಿನ ಬಗ್ಗೆ ಕೇಳುವವರಿಗೆ: ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು, ಪಾಠದ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ಮಾಡಿಕೊಳ್ಳುವ ಪ್ರತಿಗೆ ವಿನಾಯಿತಿ ಕೊಡುತ್ತದೆ. ಅದೇ ತುಣುಕನ್ನು ಯೂಟ್ಯೂಬಿಗೆ ಏರಿಸುವುದು ಬೇರೆಯೇ ಮಾತು.

ಇದರ ನಿಜವಾದ ಬಲ ಲೇಬಲ್‌ಗಳಲ್ಲಿದೆ. ಒಂದು ಸಾಲನ್ನು ಎಳೆದು ಆಯ್ದುಕೊಂಡು ಕಂಟ್ರೋಲ್ ಮತ್ತು ಬಿ ಒತ್ತಿ, ಹೆಸರು ಬರೆಯಿರಿ. ಹೀಗೆ ಇಡೀ ಹಾಡಿಗೆ ಗುರುತು ಹಾಕಿ ಎಕ್ಸ್‌ಪೋರ್ಟ್ ಮಾಡುವಾಗ 'ಮಲ್ಟಿಪಲ್ ಫೈಲ್ಸ್', 'ಲೇಬಲ್ಸ್' ಆರಿಸಿದರೆ ಪ್ರತಿ ಸಾಲೂ ಪ್ರತ್ಯೇಕ ಎಂಪಿ3 ಆಗಿ ಹೊರಬರುತ್ತದೆ. ಕತ್ತರಿಸಿದ ಜಾಗದಲ್ಲಿ 'ಟಿಕ್' ಎಂಬ ಸದ್ದು ಬಂದರೆ, ಅಲೆಯ ನಡುವೆ ಕತ್ತರಿ ಬಿದ್ದಿದೆ ಎಂದರ್ಥ. ಆಯ್ಕೆ ಮಾಡಿದ ಮೇಲೆ ಝಡ್ ಕೀಲಿ ಒತ್ತಿದರೆ ಅಂಚುಗಳು ಅಲೆ ಶೂನ್ಯಕ್ಕೆ ಬರುವ ಜಾಗಕ್ಕೆ ಸರಿಯುತ್ತವೆ, ಸದ್ದು ಹೋಗುತ್ತದೆ. ಪ್ರತಿ ತುಣುಕಿನ ಮುಂದೆ ಒಂದು ಸೆಕೆಂಡಿನ ಮೌನ ಸೇರಿಸುವುದೂ ಒಳ್ಳೆಯದು. ಬ್ಲೂಟೂತ್ ಸ್ಪೀಕರ್ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಅಕ್ಷರವನ್ನೇ ನುಂಗಿಬಿಡುತ್ತದೆ.

ನಿಧಾನ ಮಾಡಲು 'ಚೇಂಜ್ ಟೆಂಪೊ' ಬಳಸಿ. 'ಚೇಂಜ್ ಸ್ಪೀಡ್' ಮುಟ್ಟಿದರೆ ಶ್ರುತಿಯೂ ಇಳಿದು ಗಾಯಕಿ ಗಾಯಕನಾಗುತ್ತಾಳೆ. ಟೆಂಪೊ ಶೇ. 20 ತಗ್ಗಿಸಿದರೆ 4 ನಿಮಿಷದ ಹಾಡು 5 ನಿಮಿಷವಾಗುತ್ತದೆ, ಅದೇ ಮಿತಿ. ಅದಕ್ಕಿಂತ ಕೆಳಗೆ ಹೋದರೆ ತಾಳವಾದ್ಯ ಒಡೆದಂತೆ ಕೇಳುವುದು ಒಂದು ತೊಂದರೆ. ಕನ್ನಡಕ್ಕೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. 'ಕತೆ'ಯನ್ನು ಎಳೆದಾಗ ತಕಾರದ ಮುಂಚಿನ ಕ್ಷಣಮಾತ್ರದ ಬಿಡುವೂ ಉದ್ದವಾಗುತ್ತದೆ, ಹೊಸ ಕಿವಿಗೆ ಅದು 'ಕತ್ತೆ' ಎಂದೇ ಕೇಳುತ್ತದೆ. ಮೌನವನ್ನು ಮೊಟಕುಮಾಡುವ 'ಟ್ರಂಕೇಟ್ ಸೈಲೆನ್ಸ್' ಇದರ ತಿರುಗುಮುರುಗು: ಸಂಗೀತವಿಲ್ಲದ ವಾಚನಕ್ಕೆ ಇದನ್ನು ಹಾಕಿ ಅವಧಿಯನ್ನು ಅರ್ಧ ಸೆಕೆಂಡಿಗಿಂತ ತೀರಾ ಕೆಳಗಿಳಿಸಿದರೆ ಒತ್ತಕ್ಷರದ ಬಿಡುವೇ ಮಾಯ, ಕತ್ತೆ ಕತೆಯಾಗುತ್ತದೆ. ಅಲ್ಲದೆ ಹಾಡಿನಲ್ಲಿ ಹ್ರಸ್ವ ದೀರ್ಘಗಳು ರಾಗಕ್ಕೆ ತಕ್ಕಂತೆ ಬಾಗುವುದು ಇದ್ದದ್ದೇ. ಹಾಗಾಗಿ ಪ್ರತಿ ಸಾಲಿನ ಮುಂದೆ ಅದನ್ನೇ ಮಾತಿನ ಧಾಟಿಯಲ್ಲಿ ಓದಿ ಸೇರಿಸದೆ ಹಾಡೊಂದನ್ನೇ ಉಚ್ಚಾರಣೆಯ ಪಾಠಕ್ಕೆ ಬಳಸುವುದು ನಮ್ಮ ಪ್ರಕಾರ ತಪ್ಪು.

ಓದಿದ ದನಿ ಸಣ್ಣದು, ಹಾಡು ಜೋರು ಎಂಬ ದೂರು ಸಾಮಾನ್ಯ. ಎರಡೂ ಟ್ರ್ಯಾಕ್‌ಗಳಿಗೆ 'ಲೌಡ್‌ನೆಸ್ ನಾರ್ಮಲೈಸೇಶನ್' ಹಾಕಿ −16 ಎಲ್‌ಯುಎಫ್‌ಎಸ್‌ಗೆ (ಸದ್ದು ಎಷ್ಟು ಜೋರು ಎಂಬುದರ ಅಳತೆ) ಹೊಂದಿಸಿ. −23 ಪ್ರಸಾರ ಕೇಂದ್ರಗಳ ಮಟ್ಟ, ಫ್ಯಾನ್ ತಿರುಗುವ ಕೋಣೆಗೆ ಸಾಲದು. ಆ ಫ್ಯಾನಿನ ಗುಂಯ್‌ಗುಡುವಿಕೆ ರೆಕಾರ್ಡಿಂಗಿಗೂ ಸೇರಿದ್ದರೆ 'ನಾಯ್ಸ್ ರಿಡಕ್ಷನ್' ಇದೆ: ಮಾತಿಲ್ಲದ ಒಂದೆರಡು ಸೆಕೆಂಡು ಆಯ್ದು 'ಗೆಟ್ ನಾಯ್ಸ್ ಪ್ರೊಫೈಲ್' ಒತ್ತಿ, ಆಮೇಲೆ ಇಡೀ ಟ್ರ್ಯಾಕ್ ಆಯ್ದು 6ರಿಂದ 9 ಡೆಸಿಬಲ್ ಮಾತ್ರ ತಗ್ಗಿಸಿ. ಆಸೆಪಟ್ಟು 20ಕ್ಕೆ ಏರಿಸಿದರೆ ಮಹಾಪ್ರಾಣದ ಉಸಿರೂ ಗದ್ದಲವೆಂದು ಅಳಿಸಿಹೋಗಿ ಖ, ಕ ಎರಡೂ ಒಂದಾಗುತ್ತವೆ.

ಗಾಯನ ತೆಗೆದು ಬರೀ ಸಂಗೀತ ಉಳಿಸಿ ವಿದ್ಯಾರ್ಥಿಗಳಿಂದ ಹಾಡಿಸುವ ಆಸೆಯಿದ್ದರೆ ನಿರೀಕ್ಷೆ ತಗ್ಗಿಸಿಕೊಳ್ಳಿ. 'ವೋಕಲ್ ರಿಡಕ್ಷನ್' ಎಡ, ಬಲ ಎರಡು ಚಾನೆಲ್‌ಗಳಲ್ಲಿ ಸಮಾನವಾಗಿರುವುದನ್ನು ಕಳೆಯುತ್ತದೆ. ಮೋನೊದಲ್ಲಿ, ಅಂದರೆ ಎರಡೂ ಕಡೆ ಒಂದೇ ಸದ್ದಾಗಿ ಬಂದ ಹಳೆಯ ಚಿತ್ರಗೀತೆಗಳಲ್ಲಿ ಎಲ್ಲವೂ ಸಮಾನವೇ, ಕಳೆದರೆ ಉಳಿಯುವುದು ಮೌನ.

ಕೊನೆಯ ಕಡತಕ್ಕೆ ಎಂಪಿ3, 'ಕಾನ್‌ಸ್ಟಂಟ್' 128 ಕೆಬಿಪಿಎಸ್, ಸ್ಯಾಂಪಲ್ ರೇಟ್ 44100 ಹರ್ಟ್ಸ್ ಇಡಿ. ನಿಮಿಷಕ್ಕೆ ಸುಮಾರು 1 ಎಂಬಿ ಆಗುತ್ತದೆ. ಸಿಡಿ ಗುಣಮಟ್ಟದ ವೇವ್ ಆದರೆ 10. 'ವೇರಿಯಬಲ್' ಆರಿಸಿದರೆ ಕೆಲವು ಹಳೆಯ ಪ್ಲೇಯರ್‌ಗಳು ಸಮಯವನ್ನು ತಪ್ಪಾಗಿ ತೋರಿಸುತ್ತವೆ. ಜಾಗ ಉಳಿಸಲು ಸ್ಯಾಂಪಲ್ ರೇಟನ್ನು 8000 ಹರ್ಟ್ಸ್‌ಗೆ ಇಳಿಸುವವರಿದ್ದಾರೆ. ಆಗ ಅದರ ಅರ್ಧವಾದ 4000 ಹರ್ಟ್ಸ್‌ಗಿಂತ ಮೇಲಿನ ಸದ್ದೆಲ್ಲ ಕಳೆದುಹೋಗಿ ಸಕಾರದ ಸೀಟಿಯಂಥ ಗುಣವೇ ಉಳಿಯುವುದಿಲ್ಲ. ಮಕ್ಕಳು ಒಂದೊಂದು ಕಿವಿಗೆ ಇಯರ್‌ಫೋನ್ ಹಂಚಿಕೊಳ್ಳುವಲ್ಲಿ ಮೋನೊ ಮಾಡಿಬಿಡಿ, ಇಬ್ಬರಿಗೂ ಪೂರ್ತಿ ಕೇಳುತ್ತದೆ. ಎಂಪಿ3ಯನ್ನು ತೆರೆದು ಮತ್ತೆ ಎಂಪಿ3 ಆಗಿಯೇ ಉಳಿಸುತ್ತಾ ಹೋದರೆ ಪ್ರತಿ ಸಲವೂ ಒಂದಿಷ್ಟು ಸವೆಯುತ್ತದೆ, ಹಾಗಾಗಿ ತಿದ್ದುವ ಪ್ರತಿಯನ್ನು ಪ್ರಾಜೆಕ್ಟ್ ಆಗಿ ಇಟ್ಟುಕೊಳ್ಳಿ. ಆ ಎಯುಪಿ3 ಕಡತವನ್ನೇ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರು ಬೇಕಾದಷ್ಟು ಜನ. ಅದು ಆಡಾಸಿಟಿಯಲ್ಲಿ ಬಿಟ್ಟರೆ ಫೋನಿನಲ್ಲಿ ತೆರೆಯುವುದಿಲ್ಲ, ಫೈಲ್ ಮೆನುವಿನ 'ಸೇವ್' ಅಲ್ಲ, 'ಎಕ್ಸ್‌ಪೋರ್ಟ್' ಒತ್ತಬೇಕು.

ಪೆನ್‌ಡ್ರೈವಿಗೆ ಹಾಕುವುದಾದರೆ ಅದರ ಫಾರ್ಮ್ಯಾಟ್ ಫ್ಯಾಟ್32 ಇರಲಿ. ಅಗ್ಗದ ಸ್ಪೀಕರ್‌ಗಳಿಗೆ ಕನ್ನಡದ ಹೆಸರು ಓದಲು ಬಾರದು, ಇಂಗ್ಲಿಷ್ ಅಕ್ಷರದಲ್ಲಿ 01, 02 ಎಂದು ಶುರುಮಾಡಿ. ಎಷ್ಟೋ ಸ್ಪೀಕರ್‌ಗಳು ಹೆಸರನ್ನೂ ಲೆಕ್ಕಿಸದೆ ಕಾಪಿ ಮಾಡಿದ ಕ್ರಮದಲ್ಲೇ ನುಡಿಸುತ್ತವೆ. ಒಟ್ಟಿಗೆ ಸುರಿಯದೆ ಒಂದೊಂದಾಗಿ, ಪಾಠದ ಕ್ರಮದಲ್ಲಿ ಹಾಕಿ.