ರೋಲ್ಯಾಂಡ್ ಜೆವಿ-1080 ಮತ್ತು ಎರಡು ಕೀಬೋರ್ಡ್: ಕೊಡಗಿನ ಮದುವೆ ಸ್ಟೇಜಿನಲ್ಲಿ ಹಲವು ವರ್ಷ

ರೋಲ್ಯಾಂಡ್ ಜೆವಿ-1080 ಅನ್ನುವುದು 1994ರ ಸೌಂಡ್ ಮಾಡ್ಯೂಲ್, ಅಂದರೆ ಕೀ ಇಲ್ಲದ, ಬೇರೆ ಕೀಬೋರ್ಡಿನಿಂದ ನುಡಿಸುವ ಸೌಂಡ್ ಪೆಟ್ಟಿಗೆ. ನನ್ನದು ಸೆಕೆಂಡ್ ಹ್ಯಾಂಡ್. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಕಡೆ ಮದುವೆ ರಿಸೆಪ್ಷನ್‌ಗಳಿಗೆ ನುಡಿಸುವ ನಮ್ಮ ತಂಡದಲ್ಲಿ ಇವತ್ತಿಗೂ ಮುಖ್ಯ ಸೌಂಡ್ ಇದರಿಂದಲೇ. ಲ್ಯಾಪ್‌ಟಾಪ್‌ನಲ್ಲಿ ಇದಕ್ಕಿಂತ ಚೆಂದದ ಪಿಯಾನೊ ಸಿಗುತ್ತದೆ, ಒಪ್ಪುತ್ತೇನೆ. ಆದರೂ ಸ್ಟೇಜಿಗೆ ಒಯ್ಯುವುದು ಇದನ್ನೇ. ಕಾರಣ, ಹಿಂದುಗಡೆ ಇರುವ ಐದು ಪಿನ್ನಿನ ಮಿಡಿ ಸಾಕೆಟ್. ಮಿಡಿ ಅಂದರೆ ಯಾವ ಕೀ ಒತ್ತಿದೆ, ಯಾವುದು ಬಿಟ್ಟಿದೆ ಅನ್ನುವ ಮೆಸೇಜನ್ನು ಒಂದು ವಾದ್ಯದ ಔಟ್‌ನಿಂದ ಇನ್ನೊಂದರ ಇನ್‌ಗೆ ಕಳಿಸುವ ಪದ್ಧತಿ; ಅದರಲ್ಲಿ ಸೌಂಡ್ ಹೋಗುವುದಿಲ್ಲ.

ನಮ್ಮ ಕಡೆ ಎಷ್ಟೋ ಹಾಲ್‌ಗಳಲ್ಲಿ ಒಂದು ಪ್ಲಗ್ಗಿಗೆ ಅರ್ಥಿಂಗ್ ಇದ್ದರೆ ಪಕ್ಕದ್ದಕ್ಕೆ ಇರಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಜನರೇಟರ್ ಶುರುವಾಗುತ್ತದೆ. ಅಂಥ ಕಡೆ ಚಾರ್ಜರ್ ಹಾಕಿದ ಲ್ಯಾಪ್‌ಟಾಪನ್ನು ಯುಎಸ್‌ಬಿಯಲ್ಲಿ ಕೀಬೋರ್ಡಿಗೂ ಆಡಿಯೊ ಕೇಬಲಿನಲ್ಲಿ ಮಿಕ್ಸರಿಗೂ ಜೋಡಿಸಿದರೆ ಸ್ಪೀಕರಿನಲ್ಲಿ ಗುಂಯ್ ಅಂತ ಹಮ್ ಬರುವ ಸಾಧ್ಯತೆ ಜಾಸ್ತಿ. ಐದು ಪಿನ್ನಿನ ಮಿಡಿಯಲ್ಲಿ ಆ ಹಮ್‌ನ ಕರೆಂಟ್ ಹರಿಯುವ ದಾರಿಯೇ ಇಲ್ಲ. ಇನ್ ಸಾಕೆಟ್ಟಿನ ಹಿಂದೆ ಆಪ್ಟೊಕಪ್ಲರ್ ಅನ್ನುವ ಪುಟ್ಟ ಭಾಗ ಇದೆ. ಕೇಬಲಿನಲ್ಲಿ ಬಂದ ಸಿಗ್ನಲ್ ಅಲ್ಲಿ ಬೆಳಕಾಗಿ ಆಚೆ ದಾಟುತ್ತದೆ, ಕರೆಂಟ್ ದಾಟುವುದಿಲ್ಲ. ಕೇಬಲಿನ ಶೀಲ್ಡ್ ಕೂಡ ಔಟ್ ಇರುವ ಕಡೆ ಮಾತ್ರ ಗ್ರೌಂಡಿಗೆ ಸೇರಿರುತ್ತದೆ. ಹಾಗಾಗಿ ಕೀಬೋರ್ಡ್ ಒಂದು ಲೈನಿನಲ್ಲಿ, ಮಾಡ್ಯೂಲ್ ಮಿಕ್ಸರ್ ಪಕ್ಕ ಇನ್ನೊಂದು ಲೈನಿನಲ್ಲಿ ಇದ್ದರೂ ಮಿಡಿಯಿಂದ ಹಮ್ ಬರಲ್ಲ. ಮಿಡಿ ಬಂದ 1983ರಲ್ಲೇ ಇಷ್ಟು ಯೋಚಿಸಿ ಮಾಡಿಟ್ಟಿದ್ದಾರೆ. ಕೇಬಲ್ 15 ಮೀಟರ್ ಮೀರಬಾರದು, ಅಷ್ಟೇ.

ಈಗ ಜೋಡಣೆ. ಕೆಳಗೆ 88 ಕೀಯ ಡಿಜಿಟಲ್ ಪಿಯಾನೊ, ಮೇಲೆ 61 ಕೀಯ ಅರೇಂಜರ್ (ತಾಳ, ಹಿನ್ನೆಲೆಯನ್ನು ತಾನೇ ನುಡಿಸುವ ಕೀಬೋರ್ಡ್). ಎರಡರ ಔಟನ್ನೂ ವೈ ಕೇಬಲಿನಲ್ಲಿ ಸೇರಿಸಿ ಒಂದೇ ಇನ್‌ಗೆ ಕೊಡಲು ಆಗುವುದಿಲ್ಲ, ಮೆಸೇಜುಗಳು ಒಂದರ ಮೇಲೊಂದು ಬಿದ್ದು ಕೆಡುತ್ತವೆ. ಅದಕ್ಕೆ ಎರಡನ್ನೂ ಕೆಡದ ಹಾಗೆ ಬೆರೆಸುವ ಮಿಡಿ ಮರ್ಜ್ ಬಾಕ್ಸ್ ಬೇಕೇ ಬೇಕು. ಅದರಿಂದ ಜೆವಿಯ ಇನ್, ಜೆವಿಯ ಥ್ರೂನಿಂದ (ಇನ್‌ಗೆ ಬಂದದ್ದನ್ನು ಹಾಗೇ ಮುಂದೆ ಕಳಿಸುವ ಸಾಕೆಟ್) ರೋಲ್ಯಾಂಡಿನದೇ ಇನ್ನೊಂದು ಹಳೇ ಮಾಡ್ಯೂಲ್ ಸೌಂಡ್ ಕ್ಯಾನ್ವಾಸ್ ಎಸ್‌ಸಿ-55. ಒಂದೇ ಕೇಬಲಿನಲ್ಲಿ ಹದಿನಾರು ಚಾನೆಲ್ ಹೋಗುತ್ತವೆ, ಯಾವ ಮೆಸೇಜ್ ಯಾರಿಗೆ ಅಂತ ಗೊತ್ತಾಗುವುದು ಚಾನೆಲ್ ನಂಬರಿನಿಂದ. ಪಿಯಾನೊ 1ನೇ ಚಾನೆಲ್, ಅರೇಂಜರಿನ ಬಲಗೈ 2, ಎಡಗೈ ಬೇಸ್ 3. ಮೊದಲೆರಡು ಜೆವಿಗೆ, ಮೂರನೆಯದು ಎಸ್‌ಸಿ-55ಗೆ. ಎಸ್‌ಸಿ-55 ಆನ್ ಮಾಡಿದಾಗ ಹದಿನಾರೂ ಚಾನೆಲ್ ಕೇಳಿಸಿಕೊಳ್ಳುತ್ತದೆ. ಬೇಡದವನ್ನು ಆಫ್ ಮಾಡದಿದ್ದರೆ ಪಿಯಾನೊ ಎರಡೂ ಕಡೆಯಿಂದ ಬರುತ್ತದೆ. ಅರೇಂಜರಿನ ಒಳಗಿನ ಸೌಂಡ್ ಬೇಡ, ಕೀ ಮಾತ್ರ ಸಾಕು ಅನ್ನುವಾಗ ಅದರಲ್ಲಿ ಲೋಕಲ್ ಆಫ್ ಮಾಡಿ.

ಹಾಡಿನ ಮಧ್ಯೆ ಯಾರದ್ದೋ ಕಾಲು ತಾಗಿ ಕೇಬಲ್ ಕಿತ್ತು ಬಂದರೆ ಕೇಳುವುದನ್ನು ಹೇಳಬೇಕು. ಕೀ ಒತ್ತಿದ ಮೆಸೇಜ್ ಹೋಗಿದೆ, ಬಿಟ್ಟ ಮೆಸೇಜ್ ಹೋಗಿಲ್ಲ. ಕೈ ತೆಗೆದರೂ ಸ್ಟ್ರಿಂಗ್ಸ್ ನಿಲ್ಲದೆ ಎಳೆಯುತ್ತಲೇ ಇರುತ್ತದೆ. ಗಾಯಕರು ತಿರುಗಿ ನೋಡುತ್ತಾರೆ. ಮರ್ಜ್ ಬಾಕ್ಸ್ ಕೊಳ್ಳುವಾಗ ಪ್ಯಾನಿಕ್ ಬಟನ್ ಇರುವುದನ್ನೇ ನೋಡಿ, ಒಂದೇ ಒತ್ತಿಗೆ ಎಲ್ಲಾ ನೋಟ್ ನಿಲ್ಲಿಸುತ್ತದೆ.

ಜೆವಿಯ ಮಿತಿ 64 ವಾಯ್ಸ್, ಅಂದರೆ ಒಟ್ಟಿಗೆ ಅಷ್ಟೇ ಧ್ವನಿ ಹೊರಡಿಸಬಲ್ಲದು. ಕಾಗದದ ಮೇಲೆ ಜಾಸ್ತಿ ಅನ್ನಿಸುತ್ತದೆ. ಆದರೆ ಇದರ ಒಂದು ಪ್ಯಾಚ್‌ನಲ್ಲಿ (ಆರಿಸಿಕೊಳ್ಳುವ ಒಂದು ಸೌಂಡ್) ಒಂದರ ಮೇಲೊಂದು ಸೇರಿದ ನಾಲ್ಕು ಟೋನ್ ತನಕ ಇರಬಹುದು. ನಾಲ್ಕೂ ಇದ್ದರೆ ಒಂದು ಕೀಗೆ ನಾಲ್ಕು ವಾಯ್ಸ್ ಖರ್ಚು, ಅಂದರೆ ಹದಿನಾರು ನೋಟಿಗೆ ಮುಗಿಯಿತು. ಪೆಡಲ್ ಒತ್ತಿಕೊಂಡು, ಹಿನ್ನೆಲೆಗೆ ಎಳೆಯುವ ಪ್ಯಾಡ್ ಸೌಂಡ್ ಜೊತೆ ಪಿಯಾನೊ ನುಡಿಸಿದರೆ ಮೊದಲಿನ ನೋಟ್‌ಗಳು ಮಾಯವಾಗುತ್ತವೆ. ಎರಡು ಟೋನಿನ ಪ್ಯಾಚ್ ಆರಿಸಿಕೊಳ್ಳಿ, ಸ್ಟೇಜಿನಲ್ಲಿ ವ್ಯತ್ಯಾಸ ಯಾರಿಗೂ ಗೊತ್ತಾಗಲ್ಲ.

ನಮ್ಮ ಸಂಗೀತಕ್ಕೆ ಇದು ಪೂರ್ತಿ ಸಾಲದು. ಎಲ್ಲಾ ಕಂಪನಿಗಳೂ ಒಂದೇ ಕ್ರಮದಲ್ಲಿ ಸೌಂಡ್ ಇಡಲಿ ಅಂತ ಮಾಡಿದ 1991ರ ಜನರಲ್ ಮಿಡಿ ಪಟ್ಟಿಯ 128 ಸೌಂಡ್‌ಗಳಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯಿ. ತಬಲಾ ಇಲ್ಲ, ಮೃದಂಗ ಇಲ್ಲ. ಹಾಗಾಗಿ ತಾಳಕ್ಕೆ ಅರೇಂಜರ್, ರಿದಂ ಪ್ಯಾಡ್ ಬೇಕು. ಶಹನಾಯಿಗೆ ಪಿಚ್ ಬೆಂಡ್ (ನುಡಿಸುತ್ತಿರುವ ಸ್ವರವನ್ನು ಏರಿಳಿಸುವುದು) ಸಾಮಾನ್ಯವಾಗಿ ಎರಡು ಸೆಮಿಟೋನ್ ಇರುತ್ತದೆ, ಜಾರು ಹಿಡಿಯಲು ನಾನು ಹೆಚ್ಚಿಸಿಕೊಳ್ಳುತ್ತೇನೆ. ಎಷ್ಟೇ ಮಾಡಿದರೂ, ಅಂಗಳದಲ್ಲಿ ವಾಲಗದವರು ಊದುವಾಗ ನಾನು ಶಹನಾಯಿ ಪ್ಯಾಚ್ ಮುಟ್ಟುವುದೇ ಇಲ್ಲ. ಆ ಉಸಿರು ಇದರಲ್ಲಿ ಇಲ್ಲ.

ಮಳೆಗಾಲದ ಆರೈಕೆ ಮರೆಯಬೇಡಿ. ಜೂನ್‌ನಿಂದ ಮನೆಯಲ್ಲಿ ಬಟ್ಟೆಗೇ ಬೂಷ್ಟು ಬರುವ ಊರು ನಮ್ಮದು. ಬಟ್ಟೆ ಬೀರುವಿಗೆ ಬಲ್ಬ್ ಹಾಕಿಡುವ ಹಾಗೆ ಮಾಡ್ಯೂಲ್ ಇರುವ ಕಪಾಟಿಗೂ ಒಂದು ಚಿಕ್ಕ ಬಲ್ಬ್, ತಾಗದಷ್ಟು ದೂರದಲ್ಲಿ, ಹಾಕಿದ್ದೇನೆ. ಮಿಡಿ ಕೇಬಲಿನ ಪಿನ್ ಮೇಲೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ನಾಲ್ಕೈದು ಸಲ ಹಾಕಿ ತೆಗೆಯಿರಿ. ಏಪ್ರಿಲ್-ಮೇನಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಕೊಳ್ಳುವವರಿಗೆ: ಇವತ್ತಿನ ಎಷ್ಟೋ ಕೀಬೋರ್ಡ್‌ಗಳಲ್ಲಿ ಬರೀ ಯುಎಸ್‌ಬಿ ಇರುತ್ತದೆ. ಅದನ್ನು ಮಾಡ್ಯೂಲಿಗೆ ನೇರ ಜೋಡಿಸಲು ಆಗಲ್ಲ, ಯುಎಸ್‌ಬಿಯನ್ನು ಐದು ಪಿನ್ನಿನ ಮಿಡಿಗೆ ಬದಲಿಸುವ ಯುಎಸ್‌ಬಿ ಹೋಸ್ಟ್ ಬಾಕ್ಸ್ ಬೇಕು. ಮಾಡ್ಯೂಲಿನ ಹಿಂದೆ ವೋಲ್ಟೇಜ್ ಎಷ್ಟು ಬರೆದಿದೆ ಓದಿ. ಜಪಾನಿನದಾದರೆ 100 ವೋಲ್ಟ್, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230ಕ್ಕೆ ಹಾಕಿದರೆ ಸುಟ್ಟೇ ಹೋಗುತ್ತದೆ. ನೀವೇ ಮಾಡಿಕೊಂಡ ಪ್ಯಾಚ್‌ಗಳನ್ನು ಒಳಗಿನ ಚಿಕ್ಕ ಬ್ಯಾಟರಿ ಕಾಯುತ್ತದೆ. ಅದು ಸಾಯುವ ಮೊದಲು ಎಲ್ಲವನ್ನೂ ಮಿಡಿ ಮೂಲಕ ಕಂಪ್ಯೂಟರಿಗೆ ಸಿಸ್‌ಎಕ್ಸ್ ಡಂಪ್ (ಮಾಡ್ಯೂಲಿನ ಒಳಗಿನ ಸೆಟ್ಟಿಂಗುಗಳ ನಕಲು) ತೆಗೆದಿಡಿ, ಆಮೇಲೆ ಬ್ಯಾಟರಿ ಬದಲಾಯಿಸಿ.