ಮಾಂಸಕ್ಕೆ ಹೊಗೆ ಕೊಡುವ ಮೊದಲು ಇದ್ದಿಲಿನ ಚೀಲ ಬಿಚ್ಚಿ ನೋಡಿ

ಹೋದ ಆರಿದ್ರಾ ಮಳೆಯಲ್ಲಿ ಮೂರೂವರೆ ಕಿಲೋ ಹಂದಿ ಮಾಂಸವನ್ನು ಗುಂಡಿ ತೋಡಿ ಹೂಳಬೇಕಾಯಿತು. ಮಾಂಸ ಚೆನ್ನಾಗಿಯೇ ಇತ್ತು. ಹಾಳು ಮಾಡಿದ್ದು ಇದ್ದಿಲು. ಮನೆಯಲ್ಲಿ ಡ್ರಮ್ಮು ಇಟ್ಟುಕೊಂಡು ನಿಧಾನವಾಗಿ ಹೊಗೆ ಕೊಟ್ಟು ಬೇಯಿಸುವವರು ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಅಕ್ಕ, ಭಾವ ಬರುತ್ತಾರೆ ಅಂತ ಶಿವಮೊಗ್ಗ ಪೇಟೆಯ ಒಂದು ಅಂಗಡಿಯಿಂದ 20 ಕಿಲೋ ಇದ್ದಿಲು ತಂದೆ. ಬೇರೆ ಕಡೆಗಿಂತ ಕಿಲೋಗೆ 15 ರೂಪಾಯಿ ಕಡಿಮೆ. ಚೀಲದ ಬಾಯಿ ಹೊಲಿದಿತ್ತು. ಬಿಚ್ಚಿ ತೋರಿಸಿ ಅಂತ ಕೇಳಲಿಲ್ಲ. ಅಲ್ಲೇ ತಪ್ಪಿದ್ದು.

ಬೆಳಿಗ್ಗೆ ಎಂಟಕ್ಕೆ ಬೆಂಕಿ ಹಾಕಿದೆ. ಒಳ್ಳೆ ಇದ್ದಿಲು ಹತ್ತಿಕೊಂಡ ಮೇಲೆ ಹೊಗೆ ಕಂಡೂ ಕಾಣದ ಹಾಗೆ, ತೆಳು ನೀಲಿಯಾಗಿ ಏಳುತ್ತದೆ. ಇದು ಅರ್ಧ ಗಂಟೆಯಾದರೂ ದಪ್ಪ ಬಿಳಿ ಹೊಗೆ. ಕಣ್ಣು ಉರಿ. ಮಳೆಗಾಲದ ಥಂಡಿ ಹಿಡಿದಿರಬೇಕು ಅಂದುಕೊಂಡು ಮಾಂಸ ಇಟ್ಟುಬಿಟ್ಟೆ. 110ರಿಂದ 120 ಡಿಗ್ರಿ ಶಾಖದಲ್ಲಿ ಆರು ಗಂಟೆ.

ಅಮ್ಮ ಮೊದಲ ತುಂಡು ಬಾಯಿಗಿಟ್ಟವರು ಎದ್ದು ಹೋಗಿ ಉಗಿದರು. "ಇದು ಮಾಂಸದ ರುಚಿ ಅಲ್ಲ ಮಾರಾಯ, ಬಾಗಿಲಿಗೆ ಬಳಿಯೋ ಬಣ್ಣದ ವಾಸನೆ" ಅಂದರು. ನಾಲಿಗೆ ಮೇಲೆ ಕಹಿ ಸಂಜೆವರೆಗೂ ಹೋಗಲಿಲ್ಲ.

ಉಳಿದ ಚೀಲವನ್ನು ಜಗಲಿಯಲ್ಲಿ ಗೋಣಿ ಮೇಲೆ ಸುರಿದೆ. ಎಷ್ಟೋ ತುಂಡು ಒಳಗೆ ಇನ್ನೂ ಕಂದು ಬಣ್ಣ, ಸರಿಯಾಗಿ ಬೆಂದೇ ಇಲ್ಲ. ಕೆಲವು ಪದರ ಪದರವಾಗಿ ಬಿಟ್ಟುಕೊಂಡವು, ಪ್ಲೈವುಡ್. ಒಂದರ ಮೈಗೆ ಹಸಿರು ಬಣ್ಣದ ಚಕ್ಕೆ ಅಂಟಿತ್ತು, ಅದರ ಪಕ್ಕದಲ್ಲೇ ಬಾಗಿದ ಮೊಳೆ. ಯಾವುದೋ ಹಳೆ ಮನೆಯ ಕಿಟಕಿ, ಬಾಗಿಲು ಸುಟ್ಟಿದ್ದು.

ಹತ್ತು ನಿಮಿಷದಲ್ಲಿ ಕೋಳಿ ಸುಟ್ಟು ತಿನ್ನುವಾಗ ಇದು ಗೊತ್ತಾಗದೇ ಇರಬಹುದು. ಆದರೆ ಗಂಟೆಗಟ್ಟಲೆ ಮುಚ್ಚಿದ ಡ್ರಮ್ಮಿನಲ್ಲಿ ಆ ಹೊಗೆಯೆಲ್ಲ ಮಾಂಸದ ಮೇಲೇ ಕೂರುತ್ತದೆ. ಅರೆಬೆಂದ ಇದ್ದಿಲಿನ ಟಾರು ಕಹಿ ಕೊಡುತ್ತದೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಗೆದ್ದಲು ಹತ್ತದ ಹಾಗೆ ಔಷಧಿ ಕುಡಿಸಿದ ಮರವಾದರೆ ಕೆಲವದರಲ್ಲಿ ಆರ್ಸೆನಿಕ್ ಇರುತ್ತದೆ. ಅದು ಸುಟ್ಟರೂ ಹೋಗುವುದಿಲ್ಲ, ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಬಡಿಸುವುದಾ?

ಈಗ ನಾನು ಚೀಲ ಬಿಚ್ಚಿಸಿಯೇ ಕೊಳ್ಳುತ್ತೇನೆ. ಎರಡು ತುಂಡು ಒಂದಕ್ಕೊಂದು ತಾಗಿಸಿದರೆ ಟಣ್ ಅನ್ನಬೇಕು, ದಬ್ ಅನ್ನಬಾರದು. ಮುರಿದರೆ ಒಳಗೂ ಕಪ್ಪಗೆ ಹೊಳೆಯಬೇಕು. ಕೈಗೆ ಹಗುರ ಇರಬೇಕು. ಮನೆಗೆ ತಂದ ಮೇಲೆ ಒಂದು ಹಿಡಿ ಸುಮ್ನೆ ಸುಟ್ಟು ಮೂಸಿ ನೋಡುತ್ತೇನೆ. ಕರಟದ ಇದ್ದಿಲು ಸಿಕ್ಕರೆ ಇನ್ನೂ ಒಳ್ಳೆಯದು, ಹೊಗೆ ಕಡಿಮೆ, ಕೆಂಡ ತುಂಬ ಹೊತ್ತು ನಿಲ್ಲುತ್ತದೆ. ವಾಸನೆಗೆ ಒಣಗಿದ ಪೇರಲೆ ಕೊಂಬೆ ಎರಡು ತುಂಡು ಸಾಕು. ತೋಟದ ಬದಿಯ ಸೌದೆ ಅಂತ ಹೊಳೆಗೇರು ಮಾತ್ರ ಹಾಕಬೇಡಿ. ಸೊನೆ ತಾಗಿದರೇ ಮೈ ಬೊಬ್ಬೆ ಏಳುವ ಮರ ಅದು, ಅಲ್ವಾ?

ಇನ್ನೊಂದು ಮಾತು. ಅವತ್ತು ಮಧ್ಯಾಹ್ನ ಮಳೆ ಜೋರಾದಾಗ ಡ್ರಮ್ಮನ್ನು ಕೊಟ್ಟಿಗೆಯೊಳಗೆ ಎಳೆದುಕೊಂಡಿದ್ದೆ. ಎರಚಲಿಗೆ ಬಾಗಿಲನ್ನೂ ಹಾಕಿದ್ದೆ. ಅಲ್ಲೇ ಕೂತಿದ್ದ ಅಪ್ಪನಿಗೆ ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು, ಎದ್ದರೆ ಕಾಲು ತಡವರಿಸಿತು. ಹೊರಗೆ ಗಾಳಿಗೆ ಕೂರಿಸಿದ ಮೇಲೆ ಸರಿಹೋದರು. ಎಷ್ಟೇ ಒಳ್ಳೆ ಇದ್ದಿಲಾದರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜೀವವನ್ನೇ ತೆಗೆಯುತ್ತದೆ. ಮಳೆ ಬಂದರೆ ಬೆಂಕಿ ಆರಿಸಿ, ಮಾಂಸವನ್ನು ಕುಕ್ಕರಿಗೆ ಹಾಕಿ.

ಡ್ರಮ್ಮಿನ ಬೂದಿಯನ್ನು ಅಮ್ಮ ಯಾವಾಗಲೂ ಬಸಳೆ ಚಪ್ಪರದ ಬುಡಕ್ಕೆ ಹಾಕುತ್ತಿದ್ದರು. ಈ ಸಲ ನಾನೇ ಬುಟ್ಟಿ ಕಸಿದುಕೊಂಡೆ. ಅದು ಇನ್ನೂ ಒಂದು ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗೇ ಇದೆ.