ಅಕ್ಕನ ಟಿವಿ, ನನ್ನ ಟಿವಿ: ಹದಿನೈದು ದಿನದ ಅದಲುಬದಲು

ಅಂಗಡಿಯ ಗೋಡೆ ಮೇಲೆ ಅಕ್ಕಪಕ್ಕ ಇದ್ದಾಗ ಎರಡೂ ಟಿವಿ ಒಂದೇ ಥರ ಕಂಡಿದ್ದವು. ಎರಡೂ 43 ಇಂಚು, ಎರಡೂ 4ಕೆ, ಎರಡರಲ್ಲೂ 20 ವಾಟ್ ಸ್ಪೀಕರ್. ಬೆಲೆಯಲ್ಲಿ ಬರೀ 1,500 ರೂಪಾಯಿ ವ್ಯತ್ಯಾಸ. ನಾನು ಕಡಿಮೆಯದ್ದು ತಗೊಂಡೆ. ಅದೇ ತಿಂಗಳು ಅಕ್ಕ ಇನ್ನೊಂದನ್ನು ತಗೊಂಡಳು. “ಎರಡೂ ಒಂದೇ ಕಣೋ, ಅಂಗಡಿಯವರು ಸುಮ್ನೆ ಏನೋ ಹೇಳ್ತಾರೆ” ಅಂದವಳೂ ಅವಳೇ.

ಒಂದು ವಾರಕ್ಕೆ ಅಮ್ಮನ ದೂರು ಶುರುವಾಯಿತು. “ಸೀರಿಯಲ್‌ನವರೆಲ್ಲ ಯಾಕೋ ಪೌಡರ್ ಮೆತ್ತಿಕೊಂಡ ಹಾಗೆ ಕಾಣ್ತಾರಪ್ಪ.” ನನಗೆ ಹಾಗೇನೂ ಕಂಡಿರಲಿಲ್ಲ. ನಾನು ಕೂರುವುದು ಟಿವಿಗೆ ನೇರ ಎದುರು, ಸೋಫಾದ ಮೇಲೆ. ಅಮ್ಮ ಕೂರುವುದು ಕಿಟಕಿ ಪಕ್ಕದ ದಿವಾನದ ಮೇಲೆ, ಟಿವಿಗೆ ಪೂರಾ ಓರೆಯಾಗಿ. ಒಂದು ಸಂಜೆ ಅವಳ ಜಾಗದಲ್ಲಿ ಕೂತು ನೋಡಿದೆ. ನಿಜ, ಬಣ್ಣವೆಲ್ಲ ನೀರು ಬೆರೆಸಿದ ಹಾಲಿನ ಹಾಗಿತ್ತು.

ಅಕ್ಕನ ಮನೆಗೆ ಹೋದಾಗ ಬೇಕೆಂದೇ ಮೂಲೆಯಲ್ಲಿ ಕೂತೆ. ಅಲ್ಲಿ ಬಣ್ಣ ಕೆಡಲಿಲ್ಲ. ಮೊಬೈಲ್ ಕ್ಯಾಮೆರಾವನ್ನು ಪರದೆಗೆ ತೀರಾ ಹತ್ತಿರ ಹಿಡಿದು ಎರಡು ಟಿವಿಯದ್ದೂ ಫೋಟೋ ತೆಗೆದೆ. ನನ್ನದರಲ್ಲಿ ಬಣ್ಣದ ಚುಕ್ಕಿಗಳು ನೆಟ್ಟಗೆ ನಿಂತ ಕಡ್ಡಿಗಳ ಹಾಗೆ, ಅವಳದರಲ್ಲಿ ಬಾಣದ ತುದಿಯ ಹಾಗೆ. ಚಿತ್ರ ಮೂಡಿಸುವ ಪರದೆಗೆ ಪ್ಯಾನೆಲ್ ಅಂತಾರೆ, ವಿಎ ಮತ್ತು ಐಪಿಎಸ್ ಅದರ ಎರಡು ಬಗೆ. ನನ್ನದು ವಿಎ ಪ್ಯಾನೆಲ್, ಅವಳದು ಐಪಿಎಸ್. ಡಬ್ಬಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ಕಂಪನಿ ಹೆಸರು ನಾನು ಹೇಳದಿರುವುದೂ ಇದಕ್ಕೇ. ಒಂದೇ ಮಾಡೆಲ್‌ನಲ್ಲೂ ಸೈಜ್ ಬದಲಾದರೆ ಪ್ಯಾನೆಲ್ ಬದಲಾಗುವುದುಂಟು. ಹೆಸರು ನಂಬಿ ಕೊಂಡರೆ ಪ್ರಯೋಜನವಿಲ್ಲ.

ಹದಿನೈದು ದಿನ ಅದಲುಬದಲು ಮಾಡೋಣ ಅಂತ ಅಕ್ಕನನ್ನು ಒಪ್ಪಿಸಿದೆ. ಆಟೋದಲ್ಲಿ ಟಿವಿಯನ್ನು ಮಲಗಿಸಬಾರದು, ನಿಲ್ಲಿಸಿಯೇ ಒಯ್ಯಬೇಕು. ಕುವೆಂಪುನಗರದಿಂದ ಸರಸ್ವತಿಪುರಂವರೆಗೂ ಅದನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತಿದ್ದೆ.

ಐಪಿಎಸ್ ನಮ್ಮ ಹಾಲಿಗೆ ಬಂದ ಮೊದಲ ಸಂಜೆಯೇ ಅಮ್ಮ ಸುಮ್ಮನಾದಳು. ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರೂ ಮುಖದ ಬಣ್ಣ ಮುಖದ ಬಣ್ಣವೇ. ಆದರೆ ರಾತ್ರಿ ಲೈಟ್ ಆರಿಸಿ ಸಿನಿಮಾ ಹಾಕಿದಾಗ ನನ್ನ ಹೊಟ್ಟೆ ಉರಿಯಿತು. ಚಿತ್ರದ ಮೇಲೆ ಕೆಳಗೆ ಬರುವ ಕಪ್ಪು ಪಟ್ಟಿ ಕಪ್ಪಾಗಿರಲಿಲ್ಲ, ಬೂದಿ ಬಣ್ಣ. ಈ ಥರದ ಪ್ಯಾನೆಲ್‌ಗಳಲ್ಲಿ ಬಿಳುಪಿಗೂ ಕಪ್ಪಿಗೂ ಇರುವ ಅಂತರ ಸುಮಾರು 1000ಕ್ಕೆ 1. ವಿಎಯಲ್ಲಿ ಅದು ಸಾಮಾನ್ಯವಾಗಿ 3000ಕ್ಕೆ 1 ಅಥವಾ ಇನ್ನೂ ಜಾಸ್ತಿ. ಹಗಲು ಹೊತ್ತು, ಕಿಟಕಿ ತೆರೆದಿದ್ದಾಗ ಇದು ಗೊತ್ತೇ ಆಗುವುದಿಲ್ಲ.

ಅತ್ತ ಅಕ್ಕನ ಮನೆಯಲ್ಲಿ ಬೇರೆಯೇ ಕಥೆ. ಭಾವ ಕುಂದಾಪುರದವರು. ಊಟ ಆದಮೇಲೆ ಯೂಟ್ಯೂಬಿನಲ್ಲಿ ಯಕ್ಷಗಾನ ಹಾಕಿಕೊಂಡು, ಲೈಟ್ ಆರಿಸಿ, ಒಬ್ಬರೇ ಎದುರಿಗೆ ಕೂರುತ್ತಾರೆ. ರಾತ್ರಿ ಆಟ ಅಂದರೆ ಗೊತ್ತಲ್ವಾ, ರಂಗಸ್ಥಳದ ಹಿಂದೆಲ್ಲ ಕತ್ತಲು. ನನ್ನ ವಿಎ ಟಿವಿಯಲ್ಲಿ ಆ ಕತ್ತಲು ಕತ್ತಲಾಗಿಯೇ ಉಳಿಯಿತು. ಕಿರೀಟದ ಚಿನ್ನದ ಬಣ್ಣ ಅದರೊಳಗಿಂದ ಎದ್ದು ಬಂದ ಹಾಗೆ ಕಂಡಿತು. ಎರಡನೇ ದಿನ ಭಾವನ ಫೋನ್ ಬಂತು. “ನಿಮ್ಮ ಟಿವಿ ಭಾರೀ ಚೆಂದ ಉಂಟು ಮಾರಾಯ್ರೆ, ಇಲ್ಲೇ ಇರಲಿ.”

ಕ್ರಿಕೆಟ್‌ನಲ್ಲಿ ವಿಎ ಸ್ವಲ್ಪ ಸೋತಿತು. ರಾತ್ರಿ ಮ್ಯಾಚಿನಲ್ಲಿ ಚೆಂಡು ಕಪ್ಪು ಆಕಾಶಕ್ಕೆ ಏರಿದಾಗ ಹಿಂದೆ ಸಣ್ಣ ಬಾಲ ಕಾಣುತ್ತದೆ. ಕಪ್ಪಿನಿಂದ ಬೇರೆ ಬಣ್ಣಕ್ಕೆ ತಿರುಗಲು ಈ ಪ್ಯಾನೆಲ್ ಕೊಂಚ ನಿಧಾನ. ಹೇಳದೇ ಇದ್ದರೆ ನೀವು ಗಮನಿಸುತ್ತಿರಲಿಲ್ಲ. ಹೇಳಿಬಿಟ್ಟೆ, ಕ್ಷಮಿಸಿ. ಎರಡರಲ್ಲೂ ನಾನು ಮೊದಲು ಮಾಡಿದ ಕೆಲಸ, ಚಲನೆಯನ್ನು ನಯ ಮಾಡುವ ಆಪ್ಶನ್ ಆಫ್ ಮಾಡಿದ್ದು. ಅದು ಆನ್ ಇದ್ದರೆ ಎಂಥ ದೊಡ್ಡ ಸಿನಿಮಾವೂ ಮದುವೆ ವಿಡಿಯೋ ಥರ ಕಾಣುತ್ತದೆ.

ಹಳೆಯ ಎಸ್‌ಡಿ ಚಾನೆಲ್‌ಗಳ ವಿಷಯದಲ್ಲಿ ಎರಡೂ ನಿರಾಸೆ ಮಾಡಿದವು. ತಪ್ಪು ಪೂರ್ತಿ ಟಿವಿಯದ್ದಲ್ಲ. ಎಸ್‌ಡಿ ಚಿತ್ರ ಅಂದರೆ 720 ಗುಣಿಸು 576, ಸುಮಾರು 4 ಲಕ್ಷ ಚುಕ್ಕಿ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಒಂದು ಚುಕ್ಕಿಯನ್ನು ಇಪ್ಪತ್ತು ಮಾಡಿ ಹರಡಬೇಕು, ಪಾಪ. ಅಕ್ಕನ ಟಿವಿ ಈ ಕೆಲಸ ಚೂರು ಚೆನ್ನಾಗಿ ಮಾಡುತ್ತದೆ, ಅಕ್ಷರಗಳ ಅಂಚು ಅಷ್ಟು ಒಡೆಯುವುದಿಲ್ಲ. ಎಚ್‌ಡಿ ಚಾನೆಲ್ ಹಾಕಿದರೆ ವ್ಯತ್ಯಾಸ ಮಾಯ. ನಿಮ್ಮ ಮನೆಯಲ್ಲಿ ಇನ್ನೂ ಎಸ್‌ಡಿ ಪ್ಯಾಕೇ ಇದ್ದರೆ ಮೊದಲು ಆ ಪ್ಯಾಕ್ ಬದಲಿಸಿ, ಟಿವಿ ಆಮೇಲೆ.

ಎರಡೂ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದ ಎಚ್‌ಡಿಆರ್‌ಗೆ, ಅಂದರೆ ಬೆಳಕು ಕತ್ತಲೆಯ ಅಂತರವನ್ನು ಹೆಚ್ಚು ಮಾಡಿ ತೋರಿಸುವ ತಂತ್ರಕ್ಕೆ, ಮರುಳಾಗಬೇಡಿ. ಅಂಥ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಪರದೆಯ ಬೆಳಕಿನ ಅಳತೆ) ಅಥವಾ ಅದಕ್ಕಿಂತ ಹೆಚ್ಚು ಬೆಳಕಿಗೆ ಹೊಂದಿಸಿರುತ್ತಾರೆ. ಈ ಬೆಲೆಯ ಟಿವಿಗಳು ಅದರ ಹತ್ತಿರವೂ ಹೋಗುವುದಿಲ್ಲ. ಸೌಂಡ್? ಎರಡರದ್ದೂ ಅಷ್ಟಕ್ಕಷ್ಟೆ. ರಿಮೋಟ್ ಮಾತ್ರ ನನ್ನದೇ ವಾಸಿ, ಅದರಲ್ಲಿ ನಂಬರ್ ಬಟನ್ ಇದೆ.

ಈಗ ಮತ್ತೆ ಅಂಗಡಿಗೆ ಹೋದರೆ ನಾನು ಡೆಮೋ ವಿಡಿಯೋ ನೋಡುವುದಿಲ್ಲ. ಕಣ್ಣು ಕುಕ್ಕುವ ವಿವಿಡ್ ಮೋಡ್ ತೆಗೆಸಿ, ಒಂದು ಕತ್ತಲೆ ದೃಶ್ಯ ಹಾಕಿಸುತ್ತೇನೆ. ಆಮೇಲೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಅಮ್ಮನ ದಿವಾನ ಇರುವಷ್ಟು ಓರೆಯಾಗಿ ನಿಂತು ನೋಡುತ್ತೇನೆ. ನಮ್ಮ ಮನೆ ಥರ ಐದಾರು ಜನ ಅಲ್ಲಲ್ಲಿ ಕೂತು ನೋಡುವ, ಬೆಳಕು ಜಾಸ್ತಿ ಇರುವ ಹಾಲಿಗೆ ಐಪಿಎಸ್ ತಗೊಳ್ಳಿ. ಒಬ್ಬಿಬ್ಬರು ಎದುರಿಗೆ ಕೂತು ರಾತ್ರಿ ನೋಡುವುದಾದರೆ ವಿಎ. ನನ್ನೊಬ್ಬನಿಗೇ ಆಗಿದ್ದರೆ ವಿಎ ಬಿಟ್ಟುಕೊಡುತ್ತಿರಲಿಲ್ಲ.

ಹದಿನೈದು ದಿನ ಕಳೆದು ತಿಂಗಳುಗಳೇ ಆದವು. ಟಿವಿಗಳು ವಾಪಸ್ ಹೋಗಿಲ್ಲ. ಬಿಲ್ಲು, ವಾರಂಟಿ ಕಾರ್ಡುಗಳನ್ನೂ ಬದಲಾಯಿಸಿಕೊಂಡೆವು. ಅವಳದು 1,500 ಜಾಸ್ತಿ ಬೆಲೆಯದ್ದು ಅನ್ನುವುದನ್ನು ಅಕ್ಕ ಮರೆತಿಲ್ಲ, ಭಾನುವಾರ ಭಾನುವಾರ ಫೋನ್ ಮಾಡಿ ನೆನಪಿಸುತ್ತಾಳೆ. “ಎರಡೂ ಒಂದೇ ಅಂದಿದ್ದು ನೀನೇ ಅಲ್ವಾ” ಅಂತ ನಾನು ಮುಂದಕ್ಕೆ ಹಾಕುತ್ತಿದ್ದೇನೆ.